ಹತ್ತು ವರ್ಷಕ್ಕೇ ಕವಲು

ಯುರೋಪಿನ ಪ್ರೌಢಶಾಲೆಗಳ ಕುರಿತ ಈ ಪರಿಚಯ ಲೇಖನ ಜರ್ಮನಿಯ ಗಿಮ್ನಾಸಿಯಂ ಎಂದರೆ ನಮ್ಮ ಹೈಸ್ಕೂಲು ಎಂದು ಒಂದೇ ವಾಕ್ಯದಲ್ಲಿ ಮುಗಿಸಿದೆ. ವ್ಯಾಯಾಮಶಾಲೆ ಎಂದು ಬರೆಯಲಿಲ್ಲವಲ್ಲ, ಅಷ್ಟಕ್ಕೆ ಸಮಾಧಾನ!

ನಮ್ಮ ಹೈಸ್ಕೂಲಿಗೆ ಎಲ್ಲ ಮಕ್ಕಳೂ ಹೋಗುತ್ತಾರೆ, ಗಿಮ್ನಾಸಿಯಂಗೆ ಹಾಗಲ್ಲ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ 4ನೆಯ ತರಗತಿ ಮುಗಿದೊಡನೆ, ಅಂದರೆ ಮಗುವಿಗೆ ಸುಮಾರು 10 ವರ್ಷವಾದಾಗಲೇ, ದಾರಿ ಕವಲೊಡೆಯುತ್ತದೆ. ಗಿಮ್ನಾಸಿಯಂ ಅಬಿಟೂರ್ ಎಂಬ ಶಾಲೆಯ ಕೊನೆಯ ಪರೀಕ್ಷೆಯ ಮೂಲಕ ವಿಶ್ವವಿದ್ಯಾಲಯದತ್ತ ಒಯ್ಯುತ್ತದೆ; ರಿಯಾಲ್‌ಶೂಲೆ ಎಂಬ ಇನ್ನೊಂದು ಬಗೆಯ ಶಾಲೆ 10ನೆಯ ತರಗತಿಗೆ ಮುಗಿಯುತ್ತದೆ. ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್‌ನಲ್ಲಿ ಸಾಮಾನ್ಯವಾಗಿ 6ನೆಯ ತರಗತಿಯವರೆಗೆ ಕಾಯುತ್ತಾರೆ. ಬವೇರಿಯಾದ್ದು ಬಲು ಬಿಗಿ. ಜರ್ಮನ್, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿ 2.33ರೊಳಗಿದ್ದರೆ ಗಿಮ್ನಾಸಿಯಂಗೆ ಅರ್ಹತೆ, ಇಲ್ಲವಾದರೆ ಪರೀಕ್ಷಾರ್ಥ ತರಗತಿಗಳಲ್ಲಿ ಕುಳಿತು ಯೋಗ್ಯತೆ ಸಾಬೀತುಪಡಿಸಬೇಕು. ಅಂದ ಹಾಗೆ, ಅಲ್ಲಿ 1 ಅತ್ಯುತ್ತಮ ಅಂಕ, 6 ಅತಿ ಕಳಪೆ. ನಮ್ಮ ಅಜ್ಜಂದಿರಿಗೆ ಅಂಕಪಟ್ಟಿ ತೋರಿಸಿದರೆ ಬೈಗುಳವೇ ಗತಿ.

ನಂತರ ದಾರಿ ಬದಲಿಸಲು ಅವಕಾಶವಿದೆ, ನಿಜ. ಆದರೂ ಮೀಸೆ ಮೂಡುವ ಮೊದಲೇ ಮಕ್ಕಳನ್ನು ಜರಡಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಓದಿದ ಮನೆಯ ಮಕ್ಕಳಿಗೆ ಅದು ಅನುಕೂಲ, ವಲಸೆ ಬಂದವರ ಮಕ್ಕಳಿಗೆ ಭಾಷೆಯೇ ಅಡ್ಡಗೋಡೆ. ಫಿನ್ಲೆಂಡಿನಲ್ಲಿ 9 ವರ್ಷ ಎಲ್ಲರಿಗೂ ಒಂದೇ ಬಗೆಯ ಶಾಲೆ. ವಿಶ್ವವಿದ್ಯಾಲಯಕ್ಕೆ ಅಣಿಗೊಳಿಸುವ ಲುಕಿಯೊ ಬೇಕೋ ವೃತ್ತಿಶಾಲೆ ಬೇಕೋ ಎಂಬ ಪ್ರಶ್ನೆ ಬರುವುದು 16ರ ಹೊತ್ತಿಗೆ. ಲೇಖನದಲ್ಲಿ ಎರಡೂ ದೇಶಗಳಿವೆ, ಈ ಹೋಲಿಕೆ ಮಾತ್ರ ಇಲ್ಲ. ಮುಂದಿನ ಕಂತಿನಲ್ಲಾದರೂ ಸೇರಿಸಿ.