ಸತ್ತರೂ ತಪ್ಪದ ಮೀಟಿಂಗು

ಜಪಾನಿನಲ್ಲಿ ಲಾರಿ ಚಾಲಕರು ವರ್ಷಕ್ಕೆ 960 ಗಂಟೆಗಿಂತ ಹೆಚ್ಚು ಓವರ್‌ಟೈಮ್ ಮಾಡಬಾರದೆಂಬ ಮಿತಿ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ, ತರಕಾರಿ ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟೀತೇ, ಪಾರ್ಸೆಲ್‌ಗಳು ತಡವಾದಾವೇ ಎಂದೆಲ್ಲ ದೇಶವೇ ಚಿಂತೆಗೆ ಬಿದ್ದಿತು. ಅನಿಮೆ ಎಂಬ ಜಪಾನೀ ಆನಿಮೇಷನ್ ಸರಣಿಗಳ ಉದ್ಯಮದ ಗತಿಯೇನೆಂದು ಮಾತ್ರ ಯಾರೂ ವಿಚಾರಿಸಿದಂತೆ ಕಾಣಲಿಲ್ಲ. ಅನ್ಯಲೋಕ ಎಂಬ ಅರ್ಥದ ‘ಇಸೆಕಾಯ್’ ಕಥೆಗಳಲ್ಲಿ ನಾಯಕ ಸತ್ತು ಬೇರೊಂದು ಲೋಕದಲ್ಲಿ ಹುಟ್ಟುತ್ತಾನೆ; ಅವನನ್ನು ಗುದ್ದಿ ಈ ಲೋಕದಿಂದ ಆ ಲೋಕಕ್ಕೆ ಸಾಗಿಸುವ ಗುತ್ತಿಗೆ ಬಹುಮಟ್ಟಿಗೆ ಲಾರಿಗಳದ್ದೇ. ಯಮನ ಕೋಣ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಆರು ಚಕ್ರದ ವಾಹನ ಮಾಡುತ್ತದೆ. ಅಭಿಮಾನಿಗಳು ಅದನ್ನು ‘ಟ್ರಕ್-ಕುನ್’, ಅಂದರೆ ‘ಲಾರಿ ತಮ್ಮ’ ಎಂದು ಮುದ್ದಿನಿಂದ ಕರೆಯುತ್ತಾರೆ.

ಪುನರ್ಜನ್ಮವೆಂದರೆ ನಮಗೇನೂ ಹೊಸದಲ್ಲ. 84 ಲಕ್ಷ ಯೋನಿಗಳ ಲೆಕ್ಕವಿಟ್ಟ ನಮ್ಮ ಹಿರಿಯರು, ಈ ತಿರುಗಣಿಯಿಂದ ಒಮ್ಮೆ ಪಾರಾದರೆ ಸಾಕಪ್ಪಾ ಎಂದು ಕಾಡಿಗೆ ಹೋಗಿ ಕಣ್ಣು ಮುಚ್ಚಿ ಕುಳಿತವರು. ಇಸೆಕಾಯ್ ನಾಯಕನ ಹಂಬಲ ಇದಕ್ಕೆ ತದ್ವಿರುದ್ಧ. ಅವನಿಗೆ ಮೋಕ್ಷ ಬೇಡ, ಬಡ್ತಿ ಬೇಕು. ಚಿತ್ರಗುಪ್ತ ಕಡತ ಬಿಚ್ಚಿ ಪಾಪಪುಣ್ಯ ಓದುವ ಪದ್ಧತಿಯೂ ಅಲ್ಲಿಲ್ಲ. ಬಟ್ಟೆ ಅಂಗಡಿಯ ಮಾರಾಟದ ಹುಡುಗಿಯಂತೆ ನಗುವ ದೇವತೆಯೊಬ್ಬಳು ಎದುರು ನಿಂತು, ನಿಮಗೆ ಯಾವ ಶಕ್ತಿ ಕೊಡಲಿ ಎಂದು ಕೇಳುತ್ತಾಳೆ.

ಇಂಥ ಅನಿಮೆಯ ಬಗ್ಗೆ ತೀರ್ಪು ಹೇಳಬೇಕಾಗಿ ಬಂದರೆ ನಾನು ಕೇಳುವ ಪ್ರಶ್ನೆ ಒಂದೇ: ಈ ಮನುಷ್ಯ ಆಫೀಸು ಬಿಟ್ಟನೇ, ಇಲ್ಲವೇ? ಅತ್ಯಂತ ಜನಪ್ರಿಯವಾದ ಸರಣಿಯೊಂದನ್ನೇ ತೆಗೆದುಕೊಳ್ಳಿ. ಕಟ್ಟಡ ನಿರ್ಮಾಣದ ದೊಡ್ಡ ಕಂಪನಿಯಲ್ಲಿ ದುಡಿಯುತ್ತಿದ್ದ 37 ವರ್ಷದ ನೌಕರ, ನಡುಬೀದಿಯಲ್ಲಿ ಚೂರಿ ಇರಿತಕ್ಕೆ ಸಿಕ್ಕಿ ಸತ್ತು, ಇನ್ನೊಂದು ಲೋಕದ ಗುಹೆಯಲ್ಲಿ ಸ್ಲೈಮ್ ಆಗಿ, ಅಂದರೆ ನೀಲಿ ಬಣ್ಣದ ಲೋಳೆಯ ಮುದ್ದೆಯಾಗಿ, ಹುಟ್ಟುತ್ತಾನೆ. ಕೈಯಿಲ್ಲ, ಕಾಲಿಲ್ಲ, ಸಂಬಳವಿಲ್ಲ, ಮೇಲಧಿಕಾರಿಯೂ ಇಲ್ಲ. ಇದಕ್ಕಿಂತ ದೊಡ್ಡ ಬಿಡುಗಡೆ ಯೋಗಿಗಳಿಗೂ ದಕ್ಕಿರಲಿಕ್ಕಿಲ್ಲ. ಆದರೆ ಪುಣ್ಯಾತ್ಮ ಸುಮ್ಮನಿರದೆ ಗಾಬ್ಲಿನ್‌ಗಳೆಂಬ ಕುಳ್ಳ ಭೂತಗಳನ್ನು ಒಟ್ಟುಗೂಡಿಸಿ ಊರು ಕಟ್ಟಿದ, ಊರನ್ನು ದೇಶವಾಗಿಸಿದ, ಇಲಾಖೆಗಳನ್ನು ಹಂಚಿದ. 2024ರಲ್ಲಿ ಬಂದ ಮೂರನೆಯ ಸೀಸನ್ನಿನ ಹೊತ್ತಿಗೆ ಕಂತಿನ ಮೇಲೆ ಕಂತು ಮೇಜಿನ ಸುತ್ತ ಕುಳಿತು ಮೀಟಿಂಗು ನಡೆಸತೊಡಗಿದ. ರಾಕ್ಷಸರು ಒಬ್ಬರಾದ ಮೇಲೊಬ್ಬರು ಎದ್ದು ವರದಿ ಒಪ್ಪಿಸುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಇದನ್ನು ನೋಡಲು ಸಾಯಬೇಕಾಗಿರಲಿಲ್ಲ, ಸೋಮವಾರ ಬೆಳಗ್ಗೆ ಆಫೀಸಿಗೆ ಹೋಗಿದ್ದರೆ ಸಾಕಿತ್ತು.

2021ರ ಇನ್ನೊಂದು ಅನಿಮೆಯ ನಾಯಕಿ ಅತಿದುಡಿಮೆಯಿಂದಲೇ 27ರ ಹರೆಯದಲ್ಲಿ ಪ್ರಾಣ ಬಿಟ್ಟವಳು. ದುಡಿದು ಸಾಯುವುದಕ್ಕೆ ‘ಕರೋಶಿ’ ಎಂಬ ಪ್ರತ್ಯೇಕ ಪದವೇ ಇರುವ, ಅದನ್ನು ತಡೆಯಲೆಂದು 2014ರಲ್ಲಿ ಕಾಯ್ದೆಯನ್ನೂ ತಂದ ದೇಶದಲ್ಲಿ ಇದು ನಗುವ ವಿಷಯವಲ್ಲ, ನಾನೂ ನಗಲಿಲ್ಲ. ನಗು ಬಂದದ್ದು ಆಮೇಲೆ. ಇನ್ನು ನಿಧಾನವಾಗಿ ಬದುಕುತ್ತೇನೆಂದು ಪಣ ತೊಟ್ಟು, ಮುಪ್ಪಿಲ್ಲದ ಮಾಟಗಾತಿಯಾಗಿ ಹುಟ್ಟಿದ ಆಕೆ, ದಿನವೂ ಸ್ಲೈಮ್‌ಗಳನ್ನು ಕೊಲ್ಲುತ್ತ 300 ವರ್ಷ ಕಳೆದು, ತನಗೇ ತಿಳಿಯದಂತೆ ವಿಡಿಯೊ ಗೇಮಿನ ಲೆಕ್ಕದಲ್ಲಿ ತುತ್ತತುದಿಯಾದ 99ನೇ ಲೆವೆಲ್ ಮುಟ್ಟಿರುತ್ತಾಳೆ. ಮುನ್ನೂರು ವರ್ಷಗಳ ಹಾಜರಿ! ಇದನ್ನು ವಿಶ್ರಾಂತಿ ಎಂದು ಕರೆಯಲು ಆ ದೇಶದ ನೌಕರರಿಗೇ ಸಾಧ್ಯ.

ಈ ಕಥೆಗಳ ತವರು, ‘ಕಾದಂಬರಿಕಾರರಾಗೋಣ’ ಎಂಬರ್ಥದ ಹೆಸರಿನಲ್ಲಿ 2004ರಲ್ಲಿ ಶುರುವಾದ, ಯಾರು ಬೇಕಾದರೂ ಕಥೆ ಬರೆದು ಹಾಕಬಹುದಾದ ಜಾಲತಾಣ. ಅಲ್ಲಿ ಬೆಳೆ ಹೇಗೆ ಉಕ್ಕಿತೆಂದರೆ, 2016ರಲ್ಲಿ ಅದೇ ತಾಣ ಕೈಜೋಡಿಸಿದ ಸಣ್ಣಕಥಾ ಸ್ಪರ್ಧೆಯೊಂದು ಅನ್ಯಲೋಕದಲ್ಲಿ ಹುಟ್ಟುವ ಕಥೆಗಳಿಗೆ ಪ್ರವೇಶವಿಲ್ಲವೆಂದು ಸಾರಬೇಕಾಯಿತು. ಮರುವರ್ಷ ಕಡೋಕಾವಾ ಪ್ರಕಾಶನವೂ ತನ್ನದೊಂದು ಸ್ಪರ್ಧೆಯಲ್ಲಿ ಇದೇ ನಿಷೇಧ ಹೇರಿತು. ಅಂಥ ಪುಸ್ತಕಗಳನ್ನು ರಾಶಿ ರಾಶಿಯಾಗಿ ಮಾರುವ ಸಂಸ್ಥೆಯೂ ಅದೇ ಎಂಬುದನ್ನು ಗಮನಿಸಬೇಕು. ಮುಂಬಾಗಿಲಲ್ಲಿ ‘ಒಳಗೆ ಪ್ರವೇಶವಿಲ್ಲ’ ಎಂಬ ಫಲಕ, ಹಿತ್ತಿಲ ಬಾಗಿಲಲ್ಲಿ ಟಿಕೆಟ್ ಕೌಂಟರು.

ಹೀಗೆ ಮೂಗು ಮುರಿಯುತ್ತಲೇ ನಾನು ನೋಡಲು ಕುಳಿತ ಇನ್ನೊಂದು ಅನಿಮೆ 2023ರ ಜುಲೈಯಲ್ಲಿ ಬಂದದ್ದು. ಅದರ ನಾಯಕನಿಗೆ ನಾಣ್ಯ ಹಾಕಿದರೆ ತಂಪುಪಾನೀಯ ಕೊಡುವ ಯಂತ್ರಗಳೆಂದರೆ ಪ್ರಾಣ. ಲಾರಿಯಿಂದ ಜಾರಿ ಬೀಳುತ್ತಿದ್ದ ಅಂಥದ್ದೊಂದು ಯಂತ್ರವನ್ನು ಕಾಪಾಡಲು ಹೋಗಿ ಅದರಡಿ ಸಿಕ್ಕಿ ಸತ್ತು, ಅಂಥ ಯಂತ್ರವಾಗಿಯೇ ಹುಟ್ಟುತ್ತಾನೆ. 84 ಲಕ್ಷದ ಪಟ್ಟಿಯನ್ನು ಎಷ್ಟು ಹುಡುಕಿದರೂ ಈ ಯೋನಿ ಸಿಗಲಾರದು. ಅವನು ತಾನಾಗಿ ನಡೆಯಲಾರ. ಅಪಾರ ಕಸುವಿನ ಹುಡುಗಿಯೊಬ್ಬಳು ಬೆನ್ನಿಗೆ ಕಟ್ಟಿಕೊಂಡು ಹೊರುತ್ತಾಳೆ. ಮಾತೂ ಅಷ್ಟೇ, ಯಂತ್ರದೊಳಗೆ ಮೊದಲೇ ತುಂಬಿಟ್ಟ ಕೆಲವು ವಾಕ್ಯಗಳು. ಹೌದು ಎನ್ನಲು ‘ದಯಮಾಡಿಸಿ’, ಅಲ್ಲ ಎನ್ನಲು ‘ಅಯ್ಯೋ, ನಿರಾಶೆ’.

ಲೇವಡಿ ಮಾಡಲೆಂದೇ ಕುಳಿತವನು ಅಲ್ಲಿ ತುಸು ಮೆತ್ತಗಾದೆನೆಂದು ಒಪ್ಪಿಕೊಳ್ಳಬೇಕು. ಉಳಿದ ನಾಯಕರೆಲ್ಲ ಹುಟ್ಟಿದ ಗಳಿಗೆಯಿಂದಲೇ ಪಡೆದ ವರದ ಮೇಲೆ ಮೆರೆಯುತ್ತಿರುವಾಗ, ಇವನು ಮಾತ್ರ ಸರಕು ಮಾರಿ ಬಂದ ನಾಣ್ಯವನ್ನೇ ಅಂಕಗಳಾಗಿ ಬದಲಿಸಿಕೊಂಡು ತನ್ನ ಯಂತ್ರವನ್ನು ಚಾಲೂ ಇಟ್ಟುಕೊಳ್ಳಬೇಕು. ಗಿರಾಕಿ ಬರದಿದ್ದರೆ ಉಸಿರು ನಿಂತಂತೆ. ನಮ್ಮೂರ ಬಸ್ ಸ್ಟ್ಯಾಂಡಿನ ಗೂಡಂಗಡಿಯವನಿಗೂ ತನ್ನ ಕಥೆಯೆನಿಸುವ ಇಸೆಕಾಯ್ ಇದೊಂದೇ ಇರಬೇಕು. ಇವನು ಮೀಟಿಂಗು ಕರೆಯುವುದಿಲ್ಲ, ಕರೆದರೂ ಮಾತನಾಡಲು ಅವನಿಗೆ ಬರುವುದು ಆ ಕೆಲವೇ ವಾಕ್ಯ.

ಹೊಸ ಅನಿಮೆಗಳ ಮುಂದಿನ ಋತುವಿನಲ್ಲಾದರೂ ಈ ಸತ್ತು ಹುಟ್ಟುವವರ ಸಾಲು ಕರಗೀತೇ ಎಂದು ಆ ಯಂತ್ರದ ಎದುರು ನಿಂತು ಕೇಳಿದರೆ ಬರುವ ಉತ್ತರ ‘ಅಯ್ಯೋ, ನಿರಾಶೆ’. ಹಾಗಾದರೆ ಇನ್ನೂ ಹತ್ತು ಬರುತ್ತವೆಯೇ ಎಂದರೆ, ಒಳಗೆ ಡಬ್ಬಿಯೊಂದು ದಡಕ್ಕನೆ ಉರುಳಿದ ಸದ್ದಿನೊಂದಿಗೆ ‘ದಯಮಾಡಿಸಿ’.