ಚಿಕ್ಕಪ್ಪನ ಚಮಚ

ದಾವಣಗೆರೆಯ ಮದುವೆಗಳಲ್ಲೂ ಈಗ ಊಟಕ್ಕೆ ಮೊದಲು ಸೂಪು ಕುಡಿಸುವ ಚಾಳಿ ಶುರುವಾಗಿದೆ. ಕಲ್ಯಾಣ ಮಂಟಪದ ಮೂಲೆಯಲ್ಲಿ ಒಂದು ಟೇಬಲ್, ಹಿಂದೆ ಬಿಳಿ ಟೋಪಿಯ ಹುಡುಗ, ಮುಂದೆ ರೇಷ್ಮೆ ಸೀರೆಗಳ ನೂಕುನುಗ್ಗಲು. ಒಂದು ಕೈಯಲ್ಲಿ ಮುಯ್ಯಿ ಕವರು, ಇನ್ನೊಂದರಲ್ಲಿ ಸುಡುವ ಕಾಗದದ ಲೋಟ. ಹಿಡಿಯಲು ಆಗದು, ಇಡಲು ಜಾಗವಿಲ್ಲ. ಊಟಕ್ಕೆ ಕರೆದು ಹಸಿವು ಕೆಡಿಸುವ ಈ ಮರ್ಯಾದೆಯನ್ನು ಯಾರು ಕಲಿಸಿದರೋ.

ಇತ್ತೀಚೆಗೆ ಅಂಥದೊಂದು ಲೋಟ ನನ್ನ ಕೈಗೂ ಬಂತು. ಸ್ವೀಟ್ ಕಾರ್ನ್ ಸೂಪಂತೆ. ಗಂಜಿ ಹಾಕಿದ ಪಂಚೆ ಹಿಂಡಿದ ನೀರಿನ ಹಾಗಿತ್ತು. "ಇದಕ್ಕಿಂತ ನಾನೇ ಚೆನ್ನಾಗಿ ಮಾಡ್ತೀನಿ" ಅಂದೆ. ಪಕ್ಕದಲ್ಲೇ ಇದ್ದ ಹೆಂಡತಿ, "ಮಾಡಿ, ನೋಡೋಣ" ಅಂದಳು. ಅವಳ ಹೊಸ ಸೀರೆಯ ವಿಷಯದಲ್ಲಿ ನಾನು ಹೇಳಿದ್ದ ಯಾವುದೋ ಮಾತಿನ ಸೇಡು ಅದರಲ್ಲಿತ್ತು. ಆದರೂ ಸಂಜೆ ಹೊತ್ತು ಅಡುಗೆಮನೆ ನನ್ನ ಕೈಗೆ ಬಂತು.

ಹಾಗೆ ಮಾಡುತ್ತಾ ಮಾಡುತ್ತಾ ಸೂಪಿನ ಬಗ್ಗೆ ನನಗೊಂದು ಮುಖ್ಯ ವಿಷಯ ಹೊಳೆಯಿತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಮೊದಲು ಚಿಕ್ಕಪ್ಪನ ವಿಷಯ ಮುಗಿಸಿಬಿಡುತ್ತೇನೆ.

ಚಿಕ್ಕಪ್ಪನಿಗೆ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇತ್ತು. ಮೆಕ್ಕೆಜೋಳದ ವ್ಯಾಪಾರ. ಜಗಳೂರು, ಹರಿಹರ, ಹೊನ್ನಾಳಿ ಕಡೆಯ ಮಾಲೆಲ್ಲ ಸುಗ್ಗಿಯಲ್ಲಿ ಇಲ್ಲಿಗೇ ಬರುತ್ತದೆ. ಆ ದಿನಗಳಲ್ಲಿ ನಮ್ಮ ಕಡೆ ಅರ್ಧ ರಸ್ತೆ ಬಸ್ಸಿಗೆ, ಅರ್ಧ ರಸ್ತೆ ಒಣಹಾಕಿದ ಜೋಳಕ್ಕೆ. ಕಾಳಿನಲ್ಲಿ ತೇವಾಂಶ ಶೇಕಡಾ 14 ದಾಟಿದರೆ ಬೆಲೆ ಇಳಿಯುತ್ತದೆ. ಅದನ್ನು ಅಳೆಯಲು ಮೆಷಿನ್ ಇದೆ. ಚಿಕ್ಕಪ್ಪ ಮೆಷಿನ್ ನಂಬುವವರಲ್ಲ. ಚೀಲಕ್ಕೆ ಕೈ ಹಾಕಿ ಎರಡು ಕಾಳು ತೆಗೆದು ಹಲ್ಲಿನಡಿ ಇಡುತ್ತಿದ್ದರು. ಕಟ್ ಅಂದರೆ ಒಣಗಿದೆ, ಮೆತ್ತಗೆ ಜಜ್ಜಿದರೆ ಹಸಿ. ಹೀಗೆ ಇಡೀ ಆಯುಷ್ಯ ಜಗತ್ತನ್ನು ಕಚ್ಚಿ ನೋಡಿಯೇ ತೀರ್ಮಾನ ಹೇಳಿದ ಮನುಷ್ಯ. ಈಗ ಅಂಗಡಿ ಮಗನಿಗೆ ಬಿಟ್ಟಿದ್ದಾರೆ. ಸಂಜೆ ವಿದ್ಯಾನಗರದ ನಮ್ಮ ಮನೆಗೆ ಬರುತ್ತಾರೆ. ಕಚ್ಚುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ನನ್ನ ಸೂಪಿಗೆ ಬಂದ ಕಷ್ಟ ಏನೆಂದರೆ, ಅದು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಒಲೆ ಆರಿಸುವಾಗ ಹದ ಸರಿಯಾಗಿರುತ್ತಿತ್ತು. ಸೌಟು ಎತ್ತಿದರೆ ಸೋಮಾರಿಯಾಗಿ ಇಳಿಯುತ್ತಿತ್ತು. ಮನೆಯವರನ್ನೆಲ್ಲ ಮೊಬೈಲಿನಿಂದ ಬಿಡಿಸಿ ಕೂರಿಸುವಷ್ಟರಲ್ಲಿ ನೀರು. ನೀರು ಅಂದರೆ ನೀರೇ. ಕಾಳು ತಳದಲ್ಲಿ, ಕ್ಯಾರೆಟ್ ಮೇಲೆ.

ಕಾರ್ನ್ ಫ್ಲೋರ್ ಮೇಲೆ ಅನುಮಾನ ಬಂತು. ಬೇರೆ ಅಂಗಡಿಯದು ತಂದೆ. ತಣ್ಣೀರಿನಲ್ಲೇ ಕದಡಿದೆ, ಬಿಸಿನೀರಿಗೆ ಹಾಕಿದರೆ ಗಂಟಾಗುತ್ತದಲ್ಲ. ಪಿಷ್ಟದ ಕಣ ನೀರು ಕುಡಿದು ಉಬ್ಬುವುದಕ್ಕೆ ಸುಮಾರು 65-70 ಡಿಗ್ರಿ ಬಿಸಿ ಬೇಕು ಎಂದು ಓದಿ ಚೆನ್ನಾಗಿ ಕುದಿಸಿದೆ. ಹುಳಿ ಇದ್ದರೆ ಗಟ್ಟಿತನ ಒಡೆಯುತ್ತದೆ ಎಂದು ಗೊತ್ತಾಗಿ ನಿಂಬೆಹಣ್ಣು ಬಿಟ್ಟೆ. ಬೋರ್‌ವೆಲ್ ನೀರನ್ನೂ ಬೈದದ್ದಾಯಿತು. ಸೂಪು ಒಲೆ ಮೇಲೆ ಗಟ್ಟಿ, ಟೇಬಲ್ ಮೇಲೆ ನೀರು. ಹೆಂಡತಿ ಏನೂ ಅನ್ನಲಿಲ್ಲ. ಕುಡಿದು, ಬಟ್ಟಲು ಕೆಳಗಿಟ್ಟು, "ಊಟಕ್ಕೇನು?" ಅಂದಳು. ಇದೊಂದು ಪ್ರಶ್ನೆ ಇದೆಯಲ್ಲ, ಅದಕ್ಕೆ ನನ್ನ ಬಳಿ ಈಗಲೂ ಉತ್ತರವಿಲ್ಲ. ತರಕಾರಿ ಹೆಚ್ಚಿ, ಕಾಳು ಬಿಡಿಸಿ, ಅರ್ಧ ರುಬ್ಬಿ, ಸೊಂಟ ಬೀಳುವವರೆಗೆ ನಿಂತು ಮಾಡಿದ್ದು ನಮ್ಮ ಮನೆಯಲ್ಲಿ ಊಟದ ಲೆಕ್ಕಕ್ಕೇ ಇಲ್ಲ. ರೊಟ್ಟಿ ಕಾಣುವವರೆಗೆ ಯಾರೂ ಏಳುವುದಿಲ್ಲ.

ಒಂದು ಸಂಜೆ ಮೆಣಸಿನ ಪುಡಿ ಹುಡುಕುತ್ತಾ ವಾಪಸ್ ಒಳಗೆ ಹೋದೆ. ಚಿಕ್ಕಪ್ಪ ಪಾತ್ರೆ ಮುಂದೆ ನಿಂತಿದ್ದರು. ಚಮಚದಲ್ಲಿ ಸೂಪು ತೆಗೆದು ಚಪ್ಪರಿಸಿದರು. ಚಮಚವನ್ನು ಪಾತ್ರೆಯಲ್ಲೇ ಆಡಿಸಿದರು. ಮತ್ತೆ ಚಪ್ಪರಿಸಿದರು. "ಉಪ್ಪು ಸರಿ ಐತೆ ನೋಡಪ್ಪಾ" ಅಂದರು. ಸರಿ ಇದ್ದರೆ ಮತ್ತೆ ಮತ್ತೆ ನೋಡುವುದೇಕೆ ಎಂದು ಕೇಳಲು ಬಾಯಿ ಬರಲಿಲ್ಲ. ದೊಡ್ಡವರು.

ಆಗ ಹೈಸ್ಕೂಲಿನ ಪ್ರಯೋಗ ನೆನಪಾಯಿತು. ಪರೀಕ್ಷಾ ನಳಿಕೆಯಲ್ಲಿ ಗಂಜಿ, ಅದಕ್ಕೆ ಎಂಜಲು, ಆಮೇಲೆ ಅಯೋಡಿನ್ ಹನಿ. ಎಂಜಲು ಬಿದ್ದದ್ದರಲ್ಲಿ ನೀಲಿ ಬಣ್ಣ ಬರುವುದಿಲ್ಲ. ಯಾಕೆಂದರೆ ನಮ್ಮ ಎಂಜಲಿನಲ್ಲಿ ಅಮೈಲೇಸ್ ಅನ್ನುವ ಕಿಣ್ವವಿದೆ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಅದರ ಕೆಲಸ. ಕುದಿಯುವ ಬಿಸಿಯಲ್ಲಿ ಅದು ಸಾಯುತ್ತದೆ. ಸೂಪು ಬಾಯಿಗೆ ಹಿಡಿಯುವಷ್ಟು ಆರಿದಾಗ ಅದಕ್ಕೆ ಹಬ್ಬ. ಚಿಕ್ಕಪ್ಪನಿಗೆ ಸುಡುವುದು ಆಗದು. ಆರಿದ ಮೇಲೇ ಅವರು ಒಳಗೆ ಬರುವುದು.

ನಾನು ಪರೀಕ್ಷೆ ಮಾಡದೆ ಬಿಡಲಿಲ್ಲ. ಎರಡು ಬಟ್ಟಲಿಗೆ ಬೆಚ್ಚಗಿನ ಗಟ್ಟಿ ಸೂಪು ಹಾಕಿದೆ. ಒಂದರಲ್ಲಿ ತೊಳೆದ ಚಮಚ. ಇನ್ನೊಂದನ್ನು ಚಿಕ್ಕಪ್ಪನ ಕೈಗೆ ಕೊಟ್ಟು, "ಖಾರ ನೋಡಿ ಹೇಳಿ" ಅಂದೆ. ಅವರು ಬಹಳ ಕಾಳಜಿಯಿಂದ ನೋಡಿದರು. ಟೀ ಕುಡಿದು ಬಂದು ಬಟ್ಟಲು ಓರೆ ಮಾಡಿದೆ. ಮೊದಲನೆಯದು ಅಲುಗಲಿಲ್ಲ. ಎರಡನೆಯದು ಸರಕ್ಕನೆ ಅಂಚಿಗೆ ಬಂತು.

ಎಂಜಲು ಮಾಡಬಾರದು ಎಂದು ಹಿರಿಯರು ಹೇಳಿದ್ದು ಇದಕ್ಕೇ, ಅವರಿಗೆ ವಿಜ್ಞಾನ ಗೊತ್ತಿತ್ತು ಎಂದು ವಾಟ್ಸಾಪಿನಲ್ಲಿ ಬರೆಯುವವರು ಇದ್ದಾರೆ. ದಯವಿಟ್ಟು ಸುಮ್ನಿರಿ. ನಮ್ಮ ಅಜ್ಜಿ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೋಡುತ್ತಿದ್ದಳು. ಅವಳಿಗೆ ಅಮೈಲೇಸ್ ಗೊತ್ತಿರಲಿಲ್ಲ. ಇನ್ನೊಬ್ಬರ ಬಾಯಿ ಗೊತ್ತಿತ್ತು, ಅಷ್ಟೇ.

ನನ್ನನ್ನು ಕಾಡಿದ್ದು ಬೇರೆ. ಸೂಪು ನೀರಾಯಿತು, ಗೊತ್ತಾಯಿತು. ಸಾರು ಮೊದಲೇ ನೀರು. ಹಾಗಾದರೆ ಇಷ್ಟು ವರ್ಷ ಸಾರಿನಲ್ಲಿ? ಪಲ್ಯದಲ್ಲಿ? ಹೋಳಿಗೆ ಸಾರಿನಲ್ಲಿ? ಇದನ್ನು ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಸೂಪಿನ ಜೊತೆ ನೆಂಟಸ್ತಿಕೆಯೂ ನಿಲ್ಲುತ್ತಿತ್ತು.

ಚಿಕ್ಕಪ್ಪನಿಗೆ ಮಾತ್ರ ಕೊನೆಗೂ ವಿವರಿಸಿದೆ. ನೇರವಾಗಿ ಅಲ್ಲ, ಸುತ್ತುಬಳಸಿ. ಈ ಪುಡಿ ನಿಮ್ಮ ಮೆಕ್ಕೆಜೋಳದ್ದೇ, ನೀವು ಚೀಲಗಟ್ಟಲೆ ಲಾರಿಗೆ ತುಂಬಿ ಕಳಿಸಿದ್ದು ಒಂದಿಷ್ಟು ಕೋಳಿ ಮೇವಿಗೆ, ಒಂದಿಷ್ಟು ಇಂಥ ಪಿಷ್ಟಕ್ಕೆ ಹೋಗುತ್ತೆ, ಆಮೇಲೆ ಡಬ್ಬಿಯಾಗಿ ನಮ್ಮ ಮನೆಗೇ ಬರುತ್ತೆ, ಎಂಜಲು ತಾಗಿದರೆ ಇದರ ಗಟ್ಟಿತನ ಹೋಗುತ್ತೆ ಅಂದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಎಂಜಲಿನ ಭಾಗ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

"ಇದು ಜೋಳದ್ದಾ? ಇಷ್ಟು ಬೆಳ್ಳಗೆ?" ಎಂದು ಡಬ್ಬಿ ಎಳೆದುಕೊಂಡರು. ಮುಚ್ಚಳ ತೆಗೆದರು. ಬೆರಳು ನೆಕ್ಕಿ, ಒಳಗೆ ಅದ್ದಿ, ಮತ್ತೆ ನೆಕ್ಕಿದರು. ಸ್ವಲ್ಪ ಹೊತ್ತು ನಾಲಿಗೆ ಆಡಿಸಿದರು.

"ಹದಿನಾಲ್ಕರೊಳಗೆ ಐತೆ. ಒಳ್ಳೆ ಮಾಲು" ಅಂದರು.