ಎದ್ದೇಳದ ಟ್ರ್ಯಾಕ್ಟರು

ಸಿಕ್ಕಿಕೊಂಡ ಪಿಸ್ಟನ್ ಸಡಿಲವಾಗಲಿ ಅಂತ ಈ ಹಳೇ ಟ್ರ್ಯಾಕ್ಟರಿನ ಸಿಲಿಂಡರಿಗೆ ಡೀಸೆಲ್ ಹುಯ್ದು ಇವತ್ತಿಗೆ ಒಂಬತ್ತು ದಿನ. ಪಿಸ್ಟನ್ ಜಪ್ಪಯ್ಯ ಅಂದರೂ ಅಲ್ಲಾಡಿಲ್ಲ. ದಿನಾ ಬೆಳಿಗ್ಗೆ ಹೋಗಿ ಇಂಜಿನ್ ತಿರುಗಿಸುವ ಹ್ಯಾಂಡಲ್ ಹಿಡಿದು ಮೆಲ್ಲಗೆ ಒತ್ತಿ ನೋಡುತ್ತೇನೆ, ಮುನಿಸಿಕೊಂಡು ಮಲಗಿದವರ ಮುಸುಕು ಎಳೆದ ಹಾಗೆ. ಜೋರು ಮಾಡುವ ಹಾಗಿಲ್ಲ. ಜೋರು ಮಾಡಿದರೆ ಒಳಗೆ ಏನೋ ಒಂದು ಮುರಿಯುತ್ತದೆ, ಆಮೇಲೆ ಅದಕ್ಕೆ ಜೋಡಿ ಹುಡುಕುತ್ತಾ ಅಲೆಯಬೇಕು.

ಇದು ಫರ್ಗ್ಯುಸನ್ ಟಿಇ-20. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಎಲ್ಲಕ್ಕೂ ಒಂದೇ ಬೂದು ಬಣ್ಣ. ನೋಡಲು ಪಾಪದ ಪ್ರಾಣಿ. ಆದರೆ ಇದೇ ಜಾತಿಯ ಮೂರು ಟ್ರ್ಯಾಕ್ಟರುಗಳು ಚಕ್ರಕ್ಕೆ ಪಟ್ಟಿ ಸುತ್ತಿಕೊಂಡು, 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿಯ ತಂಡವನ್ನು ದಕ್ಷಿಣ ಧ್ರುವಕ್ಕೆ ಮುಟ್ಟಿಸಿದ್ದವು. ನಮ್ಮದು ಶೆಡ್ಡಿನಿಂದ ಅಂಗಳಕ್ಕೆ ಬಂದರೆ ಸಾಕಾಗಿದೆ.

ಪಿಸ್ಟನ್ ಬಿಟ್ಟರೆ ಉಳಿದ ಕೆಲಸ ಸಲೀಸು. ತುಕ್ಕು ಹಿಡಿದ ಬಿಡಿಭಾಗಗಳನ್ನು ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಆ ಭಾಗಕ್ಕೂ, ಪ್ಲಸ್ ತಂತಿಯನ್ನು ಒಂದು ಗುಜರಿ ಕಬ್ಬಿಣಕ್ಕೂ ಸಿಕ್ಕಿಸಿಟ್ಟರೆ, ರಾತ್ರಿ ಕಳೆಯುವುದರೊಳಗೆ ತುಕ್ಕು ಸಡಿಲವಾಗಿ ಕಪ್ಪು ಮಸಿಯಂತಾಗಿರುತ್ತದೆ. ಬ್ರಷ್ಷಿನಲ್ಲಿ ತಿಕ್ಕಿದರೆ ಹೋಯಿತು. ತಂತಿ ಅದಲು ಬದಲಾದರೆ ಮಾತ್ರ ಕರಗುವುದು ಗುಜರಿಯಲ್ಲ, ನಮ್ಮ ಸಾಮಾನು!

ತಕರಾರು ಬಂದಿರುವುದು ಕ್ಲಚ್ ಪೆಡಲ್ ವಿಷಯದಲ್ಲಿ. ರಿಪೇರಿಯಾದ ಮೇಲೆ ಇದನ್ನು ಪ್ರದರ್ಶನಕ್ಕೆ ಇಡುವವರು ಎಲ್ಲಾ ಫಳಫಳ ಹೊಳೆಯಬೇಕು ಅಂತಾರೆ. ಬಾನೆಟ್ಟಿಗೆ ಬಣ್ಣ ಹೊಡೆಯಲು ನನ್ನದೇನೂ ಅಡ್ಡಿಯಿಲ್ಲ. ಯಾರೋ ಮೇಲೆ ಕೆಂಪು ಬಳಿದಿದ್ದರು, ಕೆರೆದರೆ ಅಡಿಯಲ್ಲಿ ಹಳೇ ಬೂದು ಸಿಕ್ಕಿತು, ಅದನ್ನೇ ಹೊಡೆಯೋಣ. ಆದರೆ ಪೆಡಲ್ ಒಂದು ಅಂಚಿನಲ್ಲಿ ಮಾತ್ರ ಸವೆದಿದೆ. ಯಾಕೆ ಅಂತ ಎರಡು ದಿನ ಹೊಳೆಯಲಿಲ್ಲ. ಸುಮ್ನೆ ಸೀಟಿನ ಮೇಲೆ ಕೂತು, ಉಳುವವರ ಹಾಗೆ ಸೊಂಟ ತಿರುಗಿಸಿ ಹಿಂದಿನ ನೇಗಿಲನ್ನು ನೋಡಿದೆ. ಎಡಗಾಲು ತಾನಾಗಿಯೇ ಓರೆಯಾಗಿ, ಸರಿಯಾಗಿ ಆ ಸವೆದ ಅಂಚಿನ ಮೇಲೇ ಹೋಗಿ ಕೂತಿತು. ಅದಕ್ಕೆ ವೆಲ್ಡಿಂಗ್ ತುಂಬಿ ಉಜ್ಜಿ ಹೊಸದು ಮಾಡುವುದು ಅಂದರೆ, ಅಷ್ಟು ವರ್ಷ ಹಿಂದೆ ತಿರುಗಿ ನೋಡುತ್ತಾ ಉತ್ತವರ ಕಾಲನ್ನು ಅಳಿಸಿದ ಹಾಗೆ ಅಲ್ವಾ? ನಾನು ಆಗುವುದಿಲ್ಲ ಅಂದೆ. ಮಾತುಕತೆ ಇನ್ನೂ ನಡೆದಿದೆ.

ಹಾಂ, ಬ್ಯಾಟರಿ ತಂತಿ ಬಿಚ್ಚಿಯೇ ಪ್ರದರ್ಶನಕ್ಕೆ ಇಡಬೇಕು. ಇದರಲ್ಲಿ ಸ್ಟಾರ್ಟರ್ ಇರುವುದು ಗೇರ್ ಕಡ್ಡಿಯಲ್ಲೇ. ಕಡ್ಡಿಯನ್ನು ‘ಎಸ್’ ಅಂತ ಬರೆದ ಕಡೆ ತಳ್ಳಿದರೆ ಇಂಜಿನ್ ತಿರುಗುತ್ತದೆ. ಸೀಟು ಹತ್ತಿದ ಯಾವ ಮಗು ತಾನೇ ಕಡ್ಡಿ ಮುಟ್ಟದೆ ಇಳಿದೀತು?

ಇಷ್ಟು ಬರೆದು, ಎದ್ದು ಹೋಗಿ ಇನ್ನೊಂದು ಸಲ ಹ್ಯಾಂಡಲ್ ಒತ್ತಿದೆ. ಒಂದು ಬೆರಳಿನಷ್ಟು ಜರುಗಿತು. ಇಲ್ಲಾ ನನ್ನ ಕೈಯೇ ಜಾರಿತೋ ಏನೋ. ಇನ್ನೊಂದು ಲೋಟ ಡೀಸೆಲ್ ಹುಯ್ದು ಬಂದೆ.